ಬೋರಿಗೆ ದೀಪ ಕಳಿಸಿದ ಬೇಸಿಗೆ

ಚಿಕ್ಕಮ್ಮನ ಮಗಳ ಮದುವೆಗೆ ಸೀರೆ ಆರಿಸಲು ಕಳೆದ ತಿಂಗಳು ಮೊಳಕಾಲ್ಮೂರಿಗೆ ಹೋಗಿದ್ದೆವು. ವಾಪಸು ಬರುವಾಗ ಬಸ್ಸು ತಳಕಿನಲ್ಲಿ ನಿಂತಿತು. ನನ್ನ ಕಿಟಕಿಯ ಎದುರಿಗೇ ಮೋಟಾರ್ ರಿವೈಂಡಿಂಗ್ ಅಂಗಡಿ. ಆಗಷ್ಟೇ ವಾರ್ನಿಷ್ ಬಳಿದ ಕಾಯಿಲ್ಲುಗಳನ್ನು ಬಿಸಿಲಿಗೆ ಒಣಗಲು ಇಟ್ಟಿದ್ದರು. ಆ ವಾಸನೆ ನನಗೆ ಹೊಸದಲ್ಲ, ಚಳ್ಳಕೆರೆಯಲ್ಲಿ ನನ್ನ ತಂದೆಯದೂ ಇಂಥದೇ ಅಂಗಡಿ. ಅಬ್ಬಾನ ಅಂಗಿ, ನಮ್ಮ ಮನೆಯ ಪರದೆ, ನನ್ನ ಡಿಪ್ಲೊಮಾ ಪುಸ್ತಕಗಳು ಎಲ್ಲವೂ ಅದೇ ವಾಸನೆಯಲ್ಲಿ ಬೆಳೆದವು. ಆದರೆ ತಳಕಿನ ಬಿಸಿಲಿನಲ್ಲಿ ಅದು ಮೂಗಿಗೆ ಬಡಿದಾಗ ನನಗೆ ನೆನಪಾಗುವುದು ಒಂದೇ ಬೇಸಿಗೆ. ಚಳ್ಳಕೆರೆಗೆ ಬಂದವಳೇ ಕಪಾಟಿನಿಂದ 2007ರ ನೋಟ್‌ಬುಕ್ ತೆಗೆದೆ.

ಮೊದಲ ನಮೂದು ಜನವರಿ 17, ಬುಧವಾರ. 'ಹಟ್ಟಿಯಲ್ಲಿ ಪೆಟ್ಟಿಗೆ ಕೂರಿಸಿ ಬಂದೆವು. ಐದು ಸಲ ಕರೆ, ಐದು ಸಲವೂ ಮೋಟಾರ್ ಚಾಲೂ.'

ಹಟ್ಟಿ ಎಂದರೆ ತಳಕಿನಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು. ಊರಿನ ಕುಡಿಯುವ ನೀರಿನ ಬೋರ್‌ವೆಲ್ ಮಾತ್ರ ಊರಲ್ಲಿಲ್ಲ, ಮೂರು ಕಿಲೋಮೀಟರ್ ಆಚೆ ಕೆರೆಯಂಗಳದಲ್ಲಿದೆ. ಊರೊಳಗೆ ಹತ್ತು ಕಡೆ ಕೊರೆಸಿ ಕೊನೆಗೆ ನೀರು ಸಿಕ್ಕಿದ್ದು ಅಲ್ಲೇ. ಮೋಟಾರ್ ಓಡಿಸುವ ತ್ರೀ ಫೇಸ್ ಕರೆಂಟು ಬರುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ, ಬಂದರೂ ಬೆಳಗಿನ ಪಾಳಿಯಲ್ಲಿ ಎರಡು ತಾಸು ನಿಂತರೆ ಹೆಚ್ಚು. ಅದು ಬಂದದ್ದನ್ನು ತಿಳಿದು, ಅಷ್ಟು ದೂರ ಹೋಗಿ, ಮೋಟಾರ್ ಹಾಕಿ ಟ್ಯಾಂಕ್ ತುಂಬಿಸುವುದು ನೀರುಗಂಟಿ ಓಬಯ್ಯನವರ ಕೆಲಸ. ಐವತ್ತರ ಮೇಲಿನ ವಯಸ್ಸು. ಹಿಂದಿನ ವರ್ಷ ಟ್ಯಾಂಕ್ ತೊಳೆಯುವಾಗ ಏಣಿಯಿಂದ ಬಿದ್ದು ಅವರ ಬಲಗಾಲು ಸೊಟ್ಟಗೆ ಕೂಡಿಕೊಂಡಿತ್ತು. ಸೈಕಲ್ ತುಳಿಯಲು ಆಗುತ್ತಿರಲಿಲ್ಲ. ಅದಕ್ಕಾಗಿಯೇ ಪಂಚಾಯ್ತಿಯವರು ಈ ಪೆಟ್ಟಿಗೆ ತರಿಸಿದ್ದು.

ಪೆಟ್ಟಿಗೆಯೊಳಗೆ ಮೊಬೈಲ್ ಸಿಮ್ ಹಾಕುವ ಒಂದು ಮೋಡೆಮ್ ಇತ್ತು. ಕರೆಂಟು ಬಂದ ಕೂಡಲೇ ಅದು ಓಬಯ್ಯನವರ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿತ್ತು. ಅವರು ತಿರುಗಿ ಕರೆ ಮಾಡಿದರೆ ಮೋಟಾರ್ ಚಾಲೂ. ಕರೆಂಟಿಲ್ಲದಾಗಲೂ ಎಚ್ಚರವಾಗಿರಲಿ ಎಂದು ಒಳಗೊಂದು ಸಣ್ಣ ಬ್ಯಾಟರಿ. ನೆಟ್‌ವರ್ಕ್ ಸರಿಯಿದೆ ಎನ್ನಲು ಒಂದು ಕೆಂಪು ದೀಪ ಮೂರು ಸೆಕೆಂಡಿಗೊಮ್ಮೆ ಮಿಟುಕುತ್ತಿತ್ತು. ತಯಾರಿಸಿದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿ, ಕೂರಿಸಿದ್ದು ಅಬ್ಬಾ ಮತ್ತು ನಾನು. ಆಗ ನನಗೆ ಇಪ್ಪತ್ತೊಂದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಂಗಡಿಯ ದೂರಿನ ಪುಸ್ತಕ ಬರೆಯುತ್ತಿದ್ದೆ.

"ಇನ್ಮೇಲೆ ನಾನು ಕಟ್ಟೆ ಮ್ಯಾಲೆ ಕುಂತ್ಕಂಡೇ ಮೋಟ್ರು ಹಾಕ್ತೀನಿ, ಮಂತ್ರಿ ಇದ್ದಂಗೆ!" ಎಂದು ಓಬಯ್ಯ ಅಂದು ನಕ್ಕಿದ್ದರು.

ನಾಲ್ಕು ವಾರ ಎಲ್ಲ ಸರಿಯಿತ್ತು. ಫೆಬ್ರವರಿ 16, ಶುಕ್ರವಾರ, ಶಿವರಾತ್ರಿ. ಬೆಳಿಗ್ಗೆ ಪೆಟ್ಟಿಗೆ ಉತ್ತರಿಸಲಿಲ್ಲ. ಓಬಯ್ಯ ಕುಂಟುತ್ತ ಮೂರು ಕಿಲೋಮೀಟರ್ ನಡೆದು ಹೋಗಿ, ನಾವು ಹೇಳಿಕೊಟ್ಟಿದ್ದಂತೆ ಮೋಡೆಮ್‌ನ ವೈರ್ ಕಿತ್ತು ಮತ್ತೆ ಸಿಕ್ಕಿಸಿದರು. ಪೆಟ್ಟಿಗೆ ಎದ್ದಿತು, ಆದರೆ ಅಷ್ಟರಲ್ಲಿ ಕರೆಂಟು ಹೋಗಿತ್ತು. ಹಬ್ಬದ ದಿನ ಊರಿಗೆ ನೀರಿಲ್ಲ. ಆಮೇಲೆ ಅದು ಮತ್ತೆ ಮತ್ತೆ ಆಯಿತು. ಪ್ರತಿ ಸಲ ಅಂಗಡಿಗೆ ಫೋನ್ ಬರುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಮಾರ್ಚ್ ಮಧ್ಯದ ಹೊತ್ತಿಗೆ ಆರು ಸಲ. ಅದರಲ್ಲಿ ಒಂದು ಮಂಗಳವಾರ ಇಲಿ ವೈರ್ ಕಡಿದದ್ದು. ಅದನ್ನು ಬಿಟ್ಟರೆ ಉಳಿದ ಐದೂ ಶುಕ್ರವಾರ.

ಮಾರ್ಚ್ 19, ಸೋಮವಾರ ಅಬ್ಬಾ ಮತ್ತು ನಾನು ಪಂಚಾಯ್ತಿ ಕಚೇರಿಗೆ ಹೋದೆವು. ನನ್ನ ಪಟ್ಟಿಯ ಬಗ್ಗೆ ನನಗೆ ಹೆಮ್ಮೆ. ಕೇಳದಿದ್ದರೂ ಕಾರ್ಯದರ್ಶಿಯವರ ಮುಂದಿಟ್ಟೆ. ಅವರು ಬೆರಳಿಟ್ಟು ಓದಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಓಬಯ್ಯನವರ ಕಡೆ ತಿರುಗಿದರು.

"ಎಲ್ಲಾ ಶುಕ್ರವಾರ. ಗುರುವಾರ ಏನೈತೋ ಓಬಯ್ಯ?"

ಉತ್ತರವನ್ನೂ ಕಾರ್ಯದರ್ಶಿಯವರೇ ಹೇಳಿದರು.

"ಸಂತೆ ಐತೆ. ಸಂತೇಲಿ ಏನೈತೆ? ಸಾರಾಯಿ ಐತೆ. ಗುರುವಾರ ಕುಡಿಯೋದು, ಶುಕ್ರವಾರ ಮಲಗೋದು, ಪೆಟ್ಟಿಗೆ ಕೆಟ್ಟೋಯ್ತು ಅನ್ನೋದು! ನೋಡು, ಈ ಹುಡುಗೀನೇ ಲೆಕ್ಕ ಬರ್ಕೊಂಡು ಬಂದವ್ಳೆ."

"ಬಿಟ್ಟು ಎಂಟು ವರ್ಷ ಆತು ಸ್ವಾಮಿ. ಕುರಿಗೆ ಸೊಪ್ಪು ತರಾಕೆ ಸಂತೆಗೆ ಹೋಗ್ತೀನಿ."

"ಏಪ್ರಿಲ್ ಹದಿನೈದರಿಂದ ಬೇರೆಯವ್ರನ್ನ ಹಾಕ್ತೀವಿ. ಕಾಲು ಸರಿ ಇರೋರನ್ನ. ಆ ಪೆಟ್ಟಿಗೇನೂ ಕಿತ್ತಾಕ್ರಿ ಸಾಬ್ರೆ, ಸಾಕು."

ಹೊರಗೆ ಬಂದಾಗ ಓಬಯ್ಯ ನನ್ನನ್ನು ಬೈಯಲಿಲ್ಲ. "ಬಸ್ಸಿಗೆ ಹೊತ್ತಾತು, ಹೋಗ್ರವ್ವ" ಎಂದರು, ಅಷ್ಟೆ. ಬಸ್ಸಿನಲ್ಲಿ ನೋಟ್‌ಬುಕ್ ತೊಡೆಯ ಮೇಲಿತ್ತು. ತೆರೆಯಲು ಮನಸ್ಸಾಗಲಿಲ್ಲ. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಅದರಿಂದ ಒಬ್ಬರ ಕೆಲಸ ಹೋಗುತ್ತಿತ್ತು. ಹಾಗಿದ್ದರೆ ನನ್ನ ಪಟ್ಟಿಯಲ್ಲಿ ಏನೋ ಒಂದು ಸಾಲು ಕಡಿಮೆ ಇದೆ. ಆ ಸಾಲು ಸಿಗುವವರೆಗೆ ಬಿಡುವುದಿಲ್ಲ ಎಂದು ಅಂದೇ ಬರೆದಿಟ್ಟಿದ್ದೇನೆ, ಕೆಳಗೆ ಎರಡು ಗೆರೆ ಎಳೆದು.

ಮಾರ್ಚ್ 23, ಶುಕ್ರವಾರ. ಅಬ್ಬಾನನ್ನು ಪೀಡಿಸಿ ಎಬ್ಬಿಸಿ ಸ್ಕೂಟರಿನಲ್ಲಿ ಬೆಳಗಾಗುವಷ್ಟರಲ್ಲಿ ಕೆರೆಯಂಗಳ ಸೇರಿದೆವು. ಓಬಯ್ಯನವರಿಗೆ ಹೇಳಿರಲಿಲ್ಲ. ನಿಜ ಬರೆಯಬೇಕೆಂದರೆ ನನಗೆ ಅವರ ಮೇಲೂ ಅನುಮಾನವಿತ್ತು. ಅಬ್ಬಾ ಜಾಲಿ ಮರದ ಕೆಳಗೆ ಕೂತು ಬೀಡಿ ಹಚ್ಚಿದರು. ನಾನು ನಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ಪಂಪ್ ಮನೆಯ ಬೀಗ ತೆಗೆದು, ಪೆಟ್ಟಿಗೆಯಿಂದ ಸಿಮ್ ತೆಗೆದು ನನ್ನ ಫೋನಿಗೆ ಹಾಕಿಕೊಂಡೆ. ಪೆಟ್ಟಿಗೆಗೆ ಏನು ಬರುತ್ತದೋ ಅದು ಈಗ ನನಗೆ ಬರಬೇಕು.

ಆರೂ ಮುಕ್ಕಾಲಿಗೆ ಕರೆಂಟು ಬಂತು. ಪೆಟ್ಟಿಗೆಯ ಪರವಾಗಿ ನಾನೇ ಓಬಯ್ಯನವರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಫೋನು ಟಿಂವ್ ಎಂದಿತು. ಚಿತ್ರ ಸಂದೇಶ. ಆ ಕಾಲದ ಕಪ್ಪು ಬಿಳುಪು ಫೋನುಗಳಲ್ಲಿ ಚುಕ್ಕಿಗಳಿಂದ ಮಾಡಿದ ಗುಲಾಬಿ, ಕೇಕು, ಹೃದಯ ಎಂದು ಕೆಲವು ಚಿತ್ರಗಳಿರುತ್ತಿದ್ದವಲ್ಲ, ಅಂಥದ್ದು. ತೆರೆದೆ. ಎರಡು ಬತ್ತಿಯ ಒಂದು ದೀಪ. ಕಳಿಸಿದ ನಂಬರು ಓಬಯ್ಯನವರದೇ.

ಅದನ್ನು ನೋಡುತ್ತಿದ್ದಂತೆಯೇ ಅವರ ಕರೆ ಬಂತು. ಯೋಚಿಸದೆ ಎತ್ತಿ "ಹಲೋ" ಎಂದುಬಿಟ್ಟೆ.

ಆ ಕಡೆ ನಡುಗುವ ದನಿ. "ತಾಯೀ... ಗಂಗವ್ವ... ತಪ್ಪಾತೇನವ್ವ?"

"ಓಬಯ್ಯಣ್ಣ, ನಾನು! ಮುಬೀನಾ, ರಿವೈಂಡಿಂಗ್ ಅಂಗಡಿ!"

"ಮುಬೀನವ್ವ? ನೀನ್ಯಾಕವ್ವ ಬೋರೊಳಗಿದ್ದೀಯ?"

ಅಬ್ಬಾ ಬೀಡಿ ಬಿಸಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಸಿಮ್ಮನ್ನು ಪೆಟ್ಟಿಗೆಗೆ ಹಾಕಿದೆ, ಕೆಂಪು ದೀಪ ಮಿಟುಕಿತು. "ಓಬಯ್ಯಣ್ಣ, ಆ ದೀಪ ಇನ್ನೊಂದ್ಸಲ ಕಳ್ಸಿ" ಎಂದು ನನ್ನ ಸ್ವಂತ ನಂಬರಿನಿಂದ ಹೇಳಿದೆ. ಅರ್ಧ ನಿಮಿಷದಲ್ಲಿ ಮಿಟುಕುವುದು ನಿಂತು, ದೀಪ ಉರಿದುಕೊಂಡೇ ಉಳಿಯಿತು. ಅವರು ಕರೆ ಮಾಡಿದರೆ ಉತ್ತರವಿಲ್ಲ. ವೈರ್ ಕಿತ್ತು ಸಿಕ್ಕಿಸಿದೆ, ಎದ್ದಿತು. ಮತ್ತೆ ಕಳಿಸಲು ಹೇಳಿದೆ, ಮತ್ತೆ ಸತ್ತಿತು. ನೋಟ್‌ಬುಕ್‌ನಲ್ಲಿ: 'ಕಳಿಸಿದ್ದು ನಾಲ್ಕು, ನಿಂತದ್ದು ನಾಲ್ಕು.'

ಮೋಟಾರ್ ಕೈಯಲ್ಲೇ ಹಾಕಿ ಊರಿಗೆ ಹೋದೆವು. ಓಬಯ್ಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಪೆಟ್ಟಿಗೆಯ ನಂಬರನ್ನು ಅವರ ಫೋನಿನಲ್ಲಿ ಯಾರದೋ ಕೈಯಲ್ಲಿ ಗಂಗವ್ವ ಎಂದೇ ಬರೆಸಿಟ್ಟುಕೊಂಡಿದ್ದರು. ಮೊದಲೆಲ್ಲ ಶುಕ್ರವಾರ ಬೋರಿನ ಹತ್ತಿರ ಹೋದಾಗ ಸ್ಟಾರ್ಟರಿನ ಕೆಳಗೆ ಎಣ್ಣೆದೀಪ ಹಚ್ಚಿ, ಕೈ ಮುಗಿದು, ಆಮೇಲೆ ಮೋಟಾರ್ ಹಾಕುತ್ತಿದ್ದರಂತೆ. ಪೆಟ್ಟಿಗೆ ಬಂದ ಮೇಲೆ ಹೋಗುವುದು ತಪ್ಪಿತು, ದೀಪವೂ ತಪ್ಪಿತು. ಮನಸ್ಸಿಗೆ ಕಸಿವಿಸಿ. ಫೋನ್ ಅಂಗಡಿಯ ಹುಡುಗ ಶಿವರಾತ್ರಿಯ ಹಿಂದಿನ ದಿನ ಚಿತ್ರ ಕಳಿಸುವುದನ್ನು ತೋರಿಸಿಕೊಟ್ಟಿದ್ದ.

"ಇಲ್ಲಿಂದ್ಲೇ ದೀಪ ಹಚ್ಚಿದಂಗಾತು ಅನ್ಕಂಡೆ."

"ಕಳಿಸಿದಾಗೆಲ್ಲ ಪೆಟ್ಟಿಗೆ ನಿಲ್ತಿತ್ತಲ್ಲ ಓಬಯ್ಯಣ್ಣ, ಅನುಮಾನ ಬರ್ಲಿಲ್ವಾ?"

"ದೀಪ ಹಚ್ಚಿದ್ರೆ ಕತ್ಲಾಗ್ತೈತಾ, ನೀನೇ ಹೇಳವ್ವ?"

ತಾಂತ್ರಿಕ ಉತ್ತರ ಸಿಕ್ಕಿದ್ದು ಮಾರನೆಯ ದಿನ, ಕಾಲೇಜಿನ ಹಳೆಯ ಟಿಪ್ಪಣಿ ತಿರುವಿದಾಗ. ಚಿತ್ರ ಸಂದೇಶ ಒಂದೇ ಗಂಟಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಬಂದ ಕಡೆ ಅವನ್ನು ಜೋಡಿಸಿಕೊಳ್ಳಬೇಕು. ಫೋನುಗಳಿಗೆ ಆ ಬುದ್ಧಿ ಇತ್ತು. ಪೆಟ್ಟಿಗೆಯೊಳಗಿನ ಮೋಡೆಮ್‌ಗೆ ಇರಲಿಲ್ಲ. ಗೊತ್ತಿಲ್ಲದ್ದನ್ನು ಬದಿಗೆ ಸರಿಸಿ ಮುಂದಿನ ಕೆಲಸ ನೋಡು ಎಂದೂ ಅದರ ಪ್ರೋಗ್ರಾಂ ಬರೆದವರು ಹೇಳಿಕೊಟ್ಟಿರಲಿಲ್ಲ. ಅರ್ಥವಾಗದ ತುಂಡು ಕೈಗೆ ಬಂದ ಕೂಡಲೇ ಅದು ಅಲ್ಲೇ ನಿಂತುಬಿಡುತ್ತಿತ್ತು.

ಕಂಪನಿಗೆ ಫೋನ್ ಮಾಡಿದೆ. ಎಂಜಿನಿಯರ್ ನಕ್ಕರು. "ಪಂಪಿಗೆ ಯಾರಾದ್ರೂ ಪಿಕ್ಚರ್ ಕಳಿಸ್ತಾರೇನ್ರಿ? ಕಳಿಸಬೇಡ ಅಂತ ಹೇಳಿ ಅವರಿಗೆ."

ಅಬ್ಬಾನೂ ಅದನ್ನೇ ಹೇಳಿದರು. "ಛೋಡ್ ಬೇಟಿ. ದೀಪ ಬಂದ್, ಝಗಡಾ ಬಂದ್."

ಮಾರ್ಚ್ 30ರ ಶುಕ್ರವಾರ ಓಬಯ್ಯ ದೀಪ ಕಳಿಸಲಿಲ್ಲ. ಪೆಟ್ಟಿಗೆ ನಿಲ್ಲಲಿಲ್ಲ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕಾರ್ಯದರ್ಶಿಯವರ ಪ್ರಕಾರ ಅದಕ್ಕೆ ಅರ್ಥ ಬೇರೆ: ಬೈದ ಮೇಲೆ ಕುಡಿಯುವುದು ಬಿಟ್ಟಿದ್ದಾನೆ. ಏಪ್ರಿಲ್ 15ರ ತೀರ್ಮಾನ ಹಾಗೇ ಇತ್ತು. ಇನ್ನೊಂದು ವಿಷಯವೂ ನನ್ನನ್ನು ಕೊರೆಯುತ್ತಿತ್ತು. ಮೋಟಾರ್ ಹಾಕಲು ಓಬಯ್ಯನವರ ನಂಬರೇ ಬೇಕು, ಬೇರೆಯವರ ಕರೆಗೆ ಪೆಟ್ಟಿಗೆ ಓಗೊಡುವುದಿಲ್ಲ. ಪೆಟ್ಟಿಗೆಯನ್ನು ಕೆಡವಲು ಮಾತ್ರ ಯಾರ ನಂಬರಾದರೂ ಸಾಕು. ಒಂದು ಚಿತ್ರ, ಅಷ್ಟೆ. ಪೆಟ್ಟಿಗೆಯ ನಂಬರನ್ನು ನಾವೇ ಪಂಪ್ ಮನೆಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಅಂಗೈಯಗಲ ಬರೆದಿದ್ದೆವು. ನಾಳೆ ಯಾರೋ ತಮಾಷೆಗೆ ಗುಲಾಬಿ ಕಳಿಸಿದರೂ ಊರಿಗೆ ನೀರಿಲ್ಲ, ಬೈಗುಳ ನೀರುಗಂಟಿಗೆ.

ಓಬಯ್ಯನವರನ್ನು ಕೇಳಿದೆ. "ದೀಪದ ವಿಷಯ ಎಲ್ಲರ ಮುಂದೆ ಹೇಳಬೇಕಾಗುತ್ತೆ. ಹೇಳ್ಲಾ?"

"ನಗ್ತಾರಲ್ಲವ್ವ."

"ಕುಡುಕ ಅನ್ನೋದಕ್ಕಿಂತ ನಗೋದು ವಾಸಿ ಅಲ್ವಾ?"

ಅವರು ಸೊಟ್ಟ ಕಾಲನ್ನು ನೀವಿಕೊಂಡರು. "ನಾನೇ ಹೇಳ್ತೀನಿ ಬಿಡು. ನೀನು ಹೇಳಿದ್ರೆ ಚಾಡಿ ಹೇಳ್ದಂಗೆ ಆಗ್ತೈತೆ."

ಕಂಪನಿಗೆ ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಎಂಜಿನಿಯರ್ ಏಪ್ರಿಲ್ 4, ಬುಧವಾರ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಿಸಿಲಿಗೆ ಮುಖ ಕೆಂಪಾಗಿತ್ತು. ಪೆಟ್ಟಿಗೆಯನ್ನು ಬಿಚ್ಚಿ ತಂದು ಪಂಚಾಯ್ತಿಯ ಮೇಜಿನ ಮೇಲಿಟ್ಟು, ಮೀಟರ್ ಹಚ್ಚಿ ನೋಡಿ, "ಏನೂ ತೊಂದರೆ ಇಲ್ಲ" ಎಂದರು. ಆಗ ಓಬಯ್ಯ ಎದ್ದು ನಿಂತು ಎಲ್ಲ ಹೇಳಿದರು. ಕೋಣೆಯ ತುಂಬ ನಗು.

"ಲೇ ಓಬಯ್ಯ, ಮಂಗಳಾರ್ತಿ ಯಾವ ಬಟನ್ನಾಗೈತೋ?" ಒಬ್ಬ ಸದಸ್ಯ ಕೂಗಿದ.

ಕಾರ್ಯದರ್ಶಿಯವರು ನಗಲಿಲ್ಲ. "ಅಂದ್ರೆ ಕೆಡಿಸಿದ್ದು ನೀನೇ ಅಂತಾಯ್ತು."

ನಾನು ಕಾಯುತ್ತಿದ್ದದ್ದು ಈ ಮಾತಿಗೇ. "ಸರ್, ನಿಮ್ಮ ಫೋನಲ್ಲಿ ಚಿತ್ರ ಇದೆಯಲ್ವಾ? ಯಾವುದಾದ್ರೂ ಒಂದು ಈ ಪೆಟ್ಟಿಗೆಗೆ ಕಳಿಸಿ."

"ನಾನ್ಯಾಕಮ್ಮ ಕಳಿಸ್ಲಿ?"

"ನೀವು ಗುರುವಾರದ ಸಂತೆಗೆ ಹೋಗಲ್ಲ ಅಂತ, ಸರ್."

ಈಗ ನಗು ಬೇರೆ ಕಡೆಗೆ ತಿರುಗಿತು. ಅಬ್ಬಾ ಹಿಂದಿನಿಂದ "ಮುಬೀನಾ!" ಎಂದು ಗದರಿದರು. ಕಾರ್ಯದರ್ಶಿಯವರು ಮುಖ ಬಿಗಿದುಕೊಂಡು ಒಂದು ಕೇಕಿನ ಚಿತ್ರ ಆರಿಸಿ ಕಳಿಸಿದರು. ಎಲ್ಲರೂ ಮೇಜಿನ ಮೇಲೆ ಬಗ್ಗಿದರು. ಕೆಂಪು ದೀಪ ಮಿಟುಕಿತು, ಮಿಟುಕಿತು, ನಿಂತಿತು.

"ಕಾಕತಾಳೀಯ ಇರಬಹುದು" ಎಂದರು ಎಂಜಿನಿಯರ್. ಅವರೇ ಒಂದು ಕಳಿಸಿದರು. ನಿಂತಿತು. ಆ ಸದಸ್ಯ ಒಂದು ಗುಲಾಬಿ ಕಳಿಸಿದ. ನಿಂತಿತು. ಏಳು ಸಲಕ್ಕೆ ಏಳು ಸಲ. ಪ್ರತಿ ಸಲವೂ ನಾನು ಗೆರೆ ಎಳೆಯುತ್ತಿದ್ದೆ. ಮೂರನೆಯ ಗೆರೆಯಿಂದ ಎಂಜಿನಿಯರ್ ಕೂಡ ತಮ್ಮ ಡೈರಿಯಲ್ಲಿ ಎಳೆಯತೊಡಗಿದ್ದರು.

"ಮೋಡೆಮ್ ನಾವು ಮಾಡೋದಲ್ಲ, ಹೊರಗಿಂದ ತರಿಸ್ತೀವಿ" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಅದರೊಳಗಿನ ಪ್ರೋಗ್ರಾಂ ಅವರೇ ಬದಲಾಯಿಸಬೇಕು. ಬರೀತೀನಿ. ಯಾವಾಗ ಆಗುತ್ತೋ ಗೊತ್ತಿಲ್ಲ."

"ಅಲ್ಲೀವರೆಗೆ ಯಾರ್ ಬೇಕಾದ್ರೂ ನಮ್ಮ ನೀರು ನಿಲ್ಲಿಸ್ಬೋದು?" ಕಾರ್ಯದರ್ಶಿಯವರ ಪ್ರಶ್ನೆ.

"ನಂಬರ್ ಗೊತ್ತಿದ್ರೆ, ಹೌದು."

"ಹಂಗಾದ್ರೆ ಈ ಪೆಟ್ಟಿಗೆ ಬ್ಯಾಡವೇ ಬ್ಯಾಡ. ನಡೆಯೋ ಆಳು ಹಾಕ್ತೀವಿ."

ಓಬಯ್ಯನವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕುಡುಕನಲ್ಲ ಎಂದು ತೋರಿಸಿದ್ದೆ, ಆದರೆ ಪೆಟ್ಟಿಗೆ ಹೋದರೆ ಅವರ ಕೆಲಸವೂ ಹೋಗುತ್ತದೆ. ಏನು ಹೇಳಬೇಕೆಂದು ಗೊತ್ತಿಲ್ಲದೆಯೇ "ಮುಂದಿನ ವಾರದವರೆಗೆ ಟೈಮ್ ಕೊಡಿ ಸರ್" ಎಂದುಬಿಟ್ಟೆ. "ಹದಿಮೂರನೇ ತಾರೀಕು ಶುಕ್ರವಾರ. ನಿಮ್ಮೆದುರಿಗೇ ದೀಪ ಕಳಿಸಿ, ಆಮೇಲೂ ನೀರು ಕೊಡ್ತೀವಿ. ಆಗದಿದ್ರೆ ನಾನೇ ಬಿಚ್ಕೊಂಡು ಹೋಗ್ತೀನಿ."

ಹೊರಗೆ ಅಬ್ಬಾ ತಲೆ ಚಚ್ಚಿಕೊಂಡರು. "ಪಾಗಲ್! ದೀಪ ಕಳಿಸದೇ ತೋರಿಸ್ತೀನಿ ಅನ್ನಬೇಕಿತ್ತು. ಕಳಿಸಿ ತೋರಿಸ್ತೀನಿ ಅಂತ ಯಾರಾದ್ರೂ ಹೇಳ್ತಾರಾ?"

ಆದರೆ ಉಪಾಯ ಹೊಳೆದದ್ದು ಅಬ್ಬಾನಿಗೇ. ಭಾನುವಾರ ಅಂಗಡಿಯ ಗುಜರಿ ಮೂಲೆಯಲ್ಲಿ ಕೂತು, "ಅದು ಸಾಯೋದನ್ನ ನಾವು ತಡೆಯೋಕಾಗಲ್ಲ. ಸತ್ತಾಗ ಎಬ್ಬಿಸೋರು ಬೇಕು. ಓಬಯ್ಯ ನಡ್ಕೊಂಡು ಹೋಗಿ ವೈರ್ ಕೀಳ್ತಾನಲ್ಲ, ಆ ಕೆಲಸ ಯಾವುದಾದ್ರೂ ಮಶೀನ್ ಮಾಡಿದ್ರೆ?" ಎಂದರು. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಿಂದ ಬಂದ ಹಳೆಯ ಟೈಮರ್ ಅಲ್ಲಿತ್ತು. ಶೇಂಗಾ ಬೀಜ ಕಟ್ಟಿಕೊಳ್ಳದಂತೆ ತೊಟ್ಟಿಯನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಅಲುಗಿಸಲು ಹಾಕಿದ್ದದ್ದು. ಅದನ್ನು ಒರೆಸಿ, ಎಣ್ಣೆ ಬಿಟ್ಟು, ಪೆಟ್ಟಿಗೆಗೆ ಜೋಡಿಸಿದೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಮೋಡೆಮ್‌ನ ಕರೆಂಟು, ಬ್ಯಾಟರಿ ಎರಡನ್ನೂ ಅದು ಕತ್ತರಿಸಿ ಮತ್ತೆ ಕೂಡಿಸುತ್ತದೆ. ಓಡುತ್ತಿರುವ ಮೋಟಾರ್ ನಿಲ್ಲುವುದಿಲ್ಲ, ಅದನ್ನು ಹಿಡಿದುಕೊಳ್ಳುವುದು ಸ್ಟಾರ್ಟರ್. ಸಿಮ್ ಬದಲಿಸಿದೆವು. ಬಾಗಿಲ ಮೇಲಿನ ಹಳೆಯ ನಂಬರಿಗೆ ನಾನೇ ಬಣ್ಣ ಬಳಿದೆ. ಅಂಗಡಿಯಲ್ಲಿ ಮೂರು ದಿನ ಪರೀಕ್ಷೆ: ಕೆಡವಿದ್ದು ಅರವತ್ತು, ಎದ್ದದ್ದು ಐವತ್ತೊಂಬತ್ತು. ಏಳದ ಆ ಒಂದು ಟೈಮರಿನ ಹಲ್ಲಿಗೆ ಸಿಕ್ಕಿದ್ದ ಶೇಂಗಾ ಸಿಪ್ಪೆಯಿಂದ. ಮತ್ತೆ ಬಿಚ್ಚಿ ಒರೆಸಿದೆವು.

ಏಪ್ರಿಲ್ 13. ಕಾರ್ಯದರ್ಶಿಯವರು ಬೈಕಿನಲ್ಲಿ ನೇರ ಪಂಪ್ ಮನೆಗೆ ಬಂದರು, ಓಬಯ್ಯನವರನ್ನೂ ಹಿಂದೆ ಕೂರಿಸಿಕೊಂಡು. ಏಳು ಗಂಟೆ ಎಂಟು ನಿಮಿಷಕ್ಕೆ ಕರೆಂಟು. ಓಬಯ್ಯನವರ ಫೋನು ಒಮ್ಮೆ ಬಡಿದು ಸುಮ್ಮನಾಯಿತು.

"ಕಳಿಸಿ ಓಬಯ್ಯಣ್ಣ."

"ಬ್ಯಾಡವ್ವ. ಸುಮ್ನೆ ಫೋನ್ ಮಾಡ್ತೀನಿ. ನೀರು ಬರ್ತೈತೆ."

"ಇವತ್ತು ಕಳಿಸ್ದೆ ಇದ್ರೆ ಇನ್ಯಾವತ್ತೋ ಇನ್ಯಾರೋ ಕಳಿಸ್ತಾರೆ. ಆಗ ನಾವ್ಯಾರೂ ಇಲ್ಲಿರಲ್ಲ."

ಅವರು ಚಪ್ಪಲಿ ಬಿಟ್ಟು ನಿಂತು ಕಳಿಸಿದರು. ಕೆಂಪು ದೀಪ ಮಿಟುಕುವುದನ್ನು ನಿಲ್ಲಿಸಿತು. ಕಾರ್ಯದರ್ಶಿಯವರು ಗಡಿಯಾರ ನೋಡಿಕೊಂಡರು. ಟೈಮರ್ ಕಟಕಟ ಎನ್ನುತ್ತಿತ್ತು. ಐದು ನಿಮಿಷ. ಹತ್ತು. ಆ ಇಡೀ ಬೇಸಿಗೆಯಲ್ಲಿ ನಾನು ಏನನ್ನೂ ಬರೆದುಕೊಳ್ಳದ ಹೊತ್ತು ಅದೊಂದೇ. ಅಬ್ಬಾನ ತುಟಿ ಸದ್ದಿಲ್ಲದೆ ಆಡುತ್ತಿತ್ತು, ಓಬಯ್ಯನವರದೂ. ಹದಿನಾಲ್ಕನೇ ನಿಮಿಷಕ್ಕೆ ಕಾರ್ಯದರ್ಶಿಯವರು ಬೈಕಿನ ಕೀಲಿ ಹೊರತೆಗೆದರು.

ಹದಿನಾರಕ್ಕೆ ಟೈಮರ್ ಟಕ್ಕೆಂದಿತು. ದೀಪ ಆರಿತು. ನಾನು ಹತ್ತು ಎಣಿಸಿದೆ. ಹನ್ನೊಂದಕ್ಕೆ ಹತ್ತಿಕೊಂಡು, ನೆಟ್‌ವರ್ಕ್ ಹುಡುಕಿ, ಮಿಟುಕಿತು. ಮೂರು ಸೆಕೆಂಡು ಬಿಟ್ಟು ಮತ್ತೆ ಮಿಟುಕಿತು.

"ಈಗ ಮಾಡಿ" ಎಂದೆ. ಓಬಯ್ಯ ಕರೆ ಮಾಡಿದರು. ಸ್ಟಾರ್ಟರ್ ಠಣ್ಣೆಂದು ಹಿಡಿಯಿತು, ನೆಲದಡಿಯಿಂದ ಮೋಟಾರಿನ ದನಿ ಎದ್ದಿತು. ಓಬಯ್ಯ ಸೊಟ್ಟ ಕಾಲು ಚಾಚಿ ಮಣ್ಣಿನ ಮೇಲೆ ಕೂತು ಪೈಪಿಗೆ ಕಿವಿಯಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿದರು.

ಕಾರ್ಯದರ್ಶಿಯವರು ಶಹಬಾಸ್ ಎನ್ನಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಬೈಕ್ ತಿರುಗಿಸಿ, ಒದ್ದು ಚಾಲೂ ಮಾಡಿ, ಮುಖ ತಿರುಗಿಸದೆಯೇ ಕೇಳಿದರು.

"ಓಬಯ್ಯ, ನಾಳೆ ಎಷ್ಟೊತ್ತಿಗೆ ನೀರು ಬಿಡ್ತೀಯ?"

ಓಬಯ್ಯ ಪೈಪಿನಿಂದ ಕಿವಿ ತೆಗೆಯಲಿಲ್ಲ.

"ಕರೆಂಟ್ ಬಂದಾಗ ಸ್ವಾಮಿ."